ಹೊಸೂರಿನ ಬೇಸಿಗೆಯಲ್ಲಿ ಸೆಸ್ನಾ 172: ಏರಿಕೆಯ ಲೆಕ್ಕವನ್ನು ನಾವೇ ಕಟ್ಟಿಕೊಂಡ ಬಗೆ

ಏಪ್ರಿಲ್ ಮಧ್ಯಾಹ್ನ ಹೊಸೂರಿನ ಬಳಿಯ ಬೆಳಗೊಂಡಪಲ್ಲಿಯ ರನ್‌ವೇ ಪಕ್ಕ ನೆರಳಿನಲ್ಲಿಟ್ಟ ಥರ್ಮಾಮೀಟರ್ 34 ಡಿಗ್ರಿ ತೋರಿಸುತ್ತದೆ. ಹೊಸೂರು ಇರುವುದೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲೆ. ರನ್‌ವೇ ಸುಮಾರು 7,000 ಅಡಿ ಉದ್ದವಿದೆ, ಸಣ್ಣ ವಿಮಾನಕ್ಕೆ ಧಾರಾಳ. ಹಾಗಾಗಿ ಇಲ್ಲಿಂದ ಹೊರಡುವವರು ಟೇಕಾಫ್ ದೂರವನ್ನು ಕೋಷ್ಟಕದಲ್ಲಿ ಒಮ್ಮೆ ನೋಡಿ ಪುಸ್ತಕ ಮುಚ್ಚಿಬಿಡುತ್ತಾರೆ. ಆದರೆ ಕಷ್ಟ ಇರುವುದು ನೆಲ ಬಿಟ್ಟ ಮೇಲೆ. ನಿಮಿಷಕ್ಕೆ ಎಷ್ಟು ಅಡಿ ಏರುತ್ತದೆ, ತಿರುಗಿಸಿದರೆ ಅದರಲ್ಲಿ ಎಷ್ಟು ಉಳಿಯುತ್ತದೆ, ಇನ್ನೊಬ್ಬರನ್ನು ಕೂರಿಸಿಕೊಂಡರೆ ಏನಾಗುತ್ತದೆ?

ನಮ್ಮ ವಿಮಾನ 160 ಅಶ್ವಶಕ್ತಿಯ, ಬದಲಾಗದ ಪಿಚ್‌ನ (ಅಲಗಿನ ಕೋನದ) ಪ್ರೊಪೆಲ್ಲರ್ ಇರುವ, 2,400 ಪೌಂಡ್ ಗರಿಷ್ಠ ತೂಕದ ಸೆಸ್ನಾ 172. ಅದರ ಕೈಪಿಡಿಯಲ್ಲಿ ಏರಿಕೆಯ ಕೋಷ್ಟಕ ಇರುವುದು ಗರಿಷ್ಠ ತೂಕಕ್ಕೆ ಮಾತ್ರ. ಅದೂ ವಿಮಾನ ಹೊಸದಾಗಿದ್ದಾಗ, ತಯಾರಕರ ಪೈಲಟ್ ಹಾರಿಸಿ ತೆಗೆದ ಅಂಕಿ. ಎಷ್ಟೋ ವರ್ಷ ಹಾರಿ, ಎರಡು ಸಲ ಬಣ್ಣ ಕಂಡು, ಆಂಟೆನಾಗಳನ್ನು ಹೊತ್ತು, ಅಂಚು ಅರದಿಂದ ಉಜ್ಜಿಸಿಕೊಂಡ ಪ್ರೊಪೆಲ್ಲರ್ ತಿರುಗಿಸುತ್ತಿರುವ ವಿಮಾನಕ್ಕೆ ಆ ಅಂಕಿ ಹಾಗೇ ಒಪ್ಪುವುದಿಲ್ಲ. ಅದಕ್ಕೇ ನಮ್ಮ ವಿಮಾನದ ಅಂಕಿಗಳನ್ನು ನಾವೇ ಅಳೆದು ತೆಗೆದೆವು. ಈ ವಿಧಾನಕ್ಕೆ ಬೂಟ್‌ಸ್ಟ್ರಾಪ್ ಎಂಬ ಹೆಸರಿದೆ. ಒಂಬತ್ತು ಸಂಖ್ಯೆ ಕೈಗೆ ಬಂದರೆ ಯಾವ ತೂಕ, ಯಾವ ಎತ್ತರ, ಯಾವ ಬಿಸಿಲಿಗೂ ಲೆಕ್ಕ ಹಾಕಬಹುದು.

ಐದು ಸಂಖ್ಯೆಗಳಿಗೆ ಹಾರುವ ಅಗತ್ಯವೇ ಇಲ್ಲ. ರೆಕ್ಕೆಯ ವಿಸ್ತೀರ್ಣ 174 ಚದರ ಅಡಿ. ಆಸ್ಪೆಕ್ಟ್ ರೇಶಿಯೋ, ಅಂದರೆ ರೆಕ್ಕೆಯ ಉದ್ದಕ್ಕೂ ಸರಾಸರಿ ಅಗಲಕ್ಕೂ ಇರುವ ಅನುಪಾತ, 7.38. ಪ್ರೊಪೆಲ್ಲರ್ ವ್ಯಾಸ 75 ಇಂಚು, ಅಂದರೆ 6.25 ಅಡಿ. 2,700 ಆರ್‌ಪಿಎಂನಲ್ಲಿ 160 ಅಶ್ವಶಕ್ತಿ ಎಂದರೆ ಟಾರ್ಕ್ (ತಿರುಗಿಸುವ ಬಲ) 311 ಅಡಿ-ಪೌಂಡ್. ಐದನೆಯದು 0.12. ಎತ್ತರ ಏರಿದಂತೆ ಎಂಜಿನ್ ಶಕ್ತಿ ಗಾಳಿಯ ಸಾಂದ್ರತೆಗಿಂತ ತುಸು ಬೇಗನೆ ಕುಸಿಯುತ್ತದೆ, ಏಕೆಂದರೆ ಎಂಜಿನ್ನಿನ ಒಳಗಿನ ಘರ್ಷಣೆ ಎತ್ತರಕ್ಕೆ ಹೋದರೂ ಕಡಿಮೆಯಾಗುವುದಿಲ್ಲ. ಆ ಹೆಚ್ಚುವರಿ ಕುಸಿತವನ್ನು ಹಿಡಿಯುವ ಅಂಕಿ ಇದು. ಉಳಿದ ನಾಲ್ಕನ್ನು ಆಕಾಶದಲ್ಲೇ ಹುಡುಕಬೇಕು: ಡ್ರ್ಯಾಗ್‌ಗೆ, ಅಂದರೆ ಗಾಳಿ ಹಿಂದಕ್ಕೆ ಎಳೆಯುವ ಬಲಕ್ಕೆ, ಎರಡು; ಪ್ರೊಪೆಲ್ಲರ್‌ಗೆ ಎರಡು.

ಮೊದಲು ತೂಕ. ಇಲ್ಲಿ ಅಂದಾಜು ನಡೆಯುವುದಿಲ್ಲ. ಖಾಲಿ ತೂಕವನ್ನು ಇತ್ತೀಚಿನ ತೂಕಪತ್ರದಿಂದ ತೆಗೆದುಕೊಳ್ಳಿ, ಕೈಪಿಡಿಯ ಮುನ್ನುಡಿಯಿಂದಲ್ಲ. ಕೂರುವವರನ್ನು ಬೂಟು, ಹೆಡ್‌ಸೆಟ್, ಚೀಲದ ಸಮೇತ ಪ್ಲಾಟ್‌ಫಾರಂ ತಕ್ಕಡಿಯ ಮೇಲೆ ನಿಲ್ಲಿಸಿ. ಮಂಡಿಯಲ್ಲಿ ಟೊಮೇಟೊ ಕ್ರೇಟ್ ತೂಗುವ ತಕ್ಕಡಿಯೇ ಸಾಕು. ‘ನಾನು ಎಪ್ಪತ್ತು ಕೆಜಿ’ ಎಂದವರು ತಕ್ಕಡಿಯ ಮೇಲೆ ಎಪ್ಪತ್ತೆಂಟು ಬರುತ್ತಾರೆ. ಏವಿಯೇಷನ್ ಪೆಟ್ರೋಲ್ ಅಮೆರಿಕನ್ ಗ್ಯಾಲನ್ನಿಗೆ 6 ಪೌಂಡ್. ಟ್ಯಾಂಕಿನ ಗೇಜನ್ನು ನಂಬದೆ ಅಳತೆಕಡ್ಡಿ ಇಳಿಸಿ ನೋಡಬೇಕು.

ಆಮೇಲೆ ವಾಯುವೇಗ ಮಾಪಕ. ನಾಲ್ಕು ದಿಕ್ಕಿಗೆ, ಒಂದೊಂದು ದಿಕ್ಕಿಗೆ ಎರಡು ನಿಮಿಷದಂತೆ ಒಂದೇ ವೇಗದಲ್ಲಿ ಹಾರಿ ಜಿಪಿಎಸ್ ವೇಗ ಬರೆದುಕೊಂಡು ಸರಾಸರಿ ತೆಗೆಯುವುದು. ಗಾಳಿ ಕಡಿಮೆ ಇದ್ದಾಗ ಅದು ನಿಜವಾದ ವಾಯುವೇಗಕ್ಕೆ ಬಹಳ ಹತ್ತಿರ. ಸಾಂದ್ರತೆಯ ತಿದ್ದುಪಡಿ ತೆಗೆದರೆ ಮುಳ್ಳಿನ ದೋಷ ಗೊತ್ತಾಗುತ್ತದೆ. ಇದನ್ನು 60 ನಾಟ್‌ನಲ್ಲೂ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಮಾಡಿ, 90ರಲ್ಲೂ ಮಾಡಿ; ನಿಧಾನದ ವೇಗದಲ್ಲಿ ದೋಷ ಹೆಚ್ಚು. ಮುಂದೆ ನಾನು ಬರೆಯುವ ನಾಟ್‌ಗಳೆಲ್ಲ ಹೀಗೆ ತಿದ್ದಿದವು.

ಗ್ಲೈಡ್ ಪರೀಕ್ಷೆ ಎಂದರೆ ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದು, ಒಂದೇ ವೇಗ ಹಿಡಿದು, ಸಾವಿರ ಅಡಿ ಇಳಿಯಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಗಡಿಯಾರ ಒತ್ತುವುದು. ಕೇಳಲು ಸುಲಭ. ಆಲ್ಟಿಮೀಟರ್ (ಎತ್ತರಮಾಪಕ) ಕಿಟಕಿಯಲ್ಲಿ ಪ್ರಮಾಣ ಒತ್ತಡವಾದ 1013 ಹೆಕ್ಟೋಪ್ಯಾಸ್ಕಲ್ ಇಟ್ಟು 6,000ದಿಂದ 5,000 ಅಡಿವರೆಗೆ ಇಳಿಯುತ್ತಿದ್ದೆವು. ಶೂಲಗಿರಿ ಕಡೆಯ ಬಯಲ ಮೇಲೆ ಇನ್ನೂ ಸುಮಾರು 2,000 ಅಡಿ ಕೈಯಲ್ಲಿರುತ್ತದೆ. ಬೆಂಗಳೂರಿನ ವಾಯುಪ್ರದೇಶ ಪಕ್ಕದಲ್ಲೇ ಇರುವುದರಿಂದ ಎಲ್ಲಿ, ಯಾವ ಎತ್ತರದಲ್ಲಿ, ಎಷ್ಟು ಹೊತ್ತು ಎಂದು ಮೊದಲೇ ನಿಯಂತ್ರಕರಿಗೆ ತಿಳಿಸಿ ಒಪ್ಪಿಗೆ ಪಡೆಯದೆ ಇದಕ್ಕೆ ಕೈ ಹಾಕಬಾರದು. ಇಬ್ಬರು ಇರಲೇಬೇಕು. ಒಬ್ಬರು ಹಾರಿಸಿ ಹೊರಗೆ ಕಣ್ಣಿಡಬೇಕು, ಇನ್ನೊಬ್ಬರು ಗಡಿಯಾರ, ಉಷ್ಣಾಂಶ, ಪೆಟ್ರೋಲ್ ಬರೆಯಬೇಕು. ಕಾರ್ಬ್ಯುರೇಟರಿನಲ್ಲಿ ಮಂಜು ಕಟ್ಟದಂತೆ ಬಿಸಿಗಾಳಿ ಕೊಡುವ ಕಾರ್ಬ್ ಹೀಟ್ ಎಳೆದಿರಬೇಕು. ಪ್ರತಿ ಗ್ಲೈಡ್ ಮುಗಿದ ಮೇಲೆ ಎಂಜಿನ್ನಿಗೆ ನಿಧಾನವಾಗಿ ಥ್ರಾಟಲ್ ಕೊಟ್ಟು ಮತ್ತೆ ಬಿಸಿಯಾಗಲು ಬಿಡಬೇಕು.

ಸಮಯದ ಆಯ್ಕೆಯಲ್ಲೇ ಅರ್ಧ ಕೆಲಸವಿದೆ. ನಮ್ಮ ಮೊದಲ ದಿನದ ಅಂಕಿಗಳನ್ನೆಲ್ಲ ಎಸೆಯಬೇಕಾಯಿತು. ಒಂಬತ್ತು ಗಂಟೆ ದಾಟಿತ್ತು. ಹೊಸೂರಿನ ಸುತ್ತ ಗುಲಾಬಿ ಬೆಳೆಯುವ ಪಾಲಿಹೌಸ್‌ಗಳ ಪ್ಲಾಸ್ಟಿಕ್ ಮಾಡು, ಗ್ರಾನೈಟ್ ಕ್ವಾರಿಗಳ ಬೋಳು ಬಂಡೆ, ಎರಡೂ ಬಿಸಿಲು ಬಿದ್ದ ಕೂಡಲೇ ಗಾಳಿಯನ್ನು ಮೇಲಕ್ಕೆ ತಳ್ಳುತ್ತವೆ. ನಾವು ಅಳೆಯಲು ಹೊರಟಿದ್ದು ನಿಮಿಷಕ್ಕೆ ಸುಮಾರು 750 ಅಡಿಯ ಇಳಿತ. ಸೆಕೆಂಡಿಗೆ ಒಂದೇ ಒಂದು ಅಡಿ ಮೇಲೇಳುವ ಗಾಳಿ ಸಿಕ್ಕರೂ ನಿಮಿಷಕ್ಕೆ 60 ಅಡಿ, ಅಂದರೆ ನೂರಕ್ಕೆ ಎಂಟರಷ್ಟು ತಪ್ಪು. ಸೂರ್ಯ ಹುಟ್ಟಿದ ಮೊದಲ ಗಂಟೆಯಲ್ಲಿ ಗಾಳಿ ಎಣ್ಣೆಯ ಹಾಗೆ ನಿಂತಿರುತ್ತದೆ. ಅದೊಂದೇ ಸರಿಯಾದ ಹೊತ್ತು. ಒಂದೇ ವೇಗದ ಗ್ಲೈಡನ್ನು ಎದುರುಬದುರು ದಿಕ್ಕಿನಲ್ಲಿ ಎರಡೆರಡು ಸಲ ಮಾಡಿ. ಎರಡು ಸಮಯಗಳ ನಡುವೆ ಮೂರು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎರಡನ್ನೂ ಬಿಟ್ಟುಬಿಡಿ. ವೇಗವನ್ನೂ ಗಟ್ಟಿಯಾಗಿ ಹಿಡಿಯಬೇಕು. ಗಡಿಯಾರ ಒತ್ತುವಾಗ 70 ಇದ್ದದ್ದು ನಿಲ್ಲಿಸುವಾಗ 68 ಆಗಿದ್ದರೆ, ಆ ಎರಡು ನಾಟ್‌ನಲ್ಲಿದ್ದ ಶಕ್ತಿ ಸುಮಾರು 15 ಅಡಿ ಎತ್ತರಕ್ಕೆ ಸಮ.

ಒಂದು ಬೆಳಗಿನ ಅಂಕಿಗಳು ಹೀಗಿದ್ದವು. ತೂಕ 2,200 ಪೌಂಡ್, ನಡುವಿನ ಎತ್ತರ 5,500 ಅಡಿ, ಹೊರಗೆ 18 ಡಿಗ್ರಿ. 60 ನಾಟ್‌ನಲ್ಲಿ 93 ಸೆಕೆಂಡ್, 70ರಲ್ಲಿ 82, 80ರಲ್ಲಿ 69, 90ರಲ್ಲಿ 56. ಇವುಗಳಿಂದ ಲೆಕ್ಕಕ್ಕೆ ಹೋಗುವ ಮೊದಲು ಬಹಳ ಜನ ಮರೆಯುವ ಒಂದು ತಿದ್ದುಪಡಿ ಇದೆ. ಆಲ್ಟಿಮೀಟರ್ ಅಳೆಯುವುದು ಒತ್ತಡವನ್ನು. ಗಾಳಿ ಪ್ರಮಾಣಕ್ಕಿಂತ (ಲೆಕ್ಕಕ್ಕೆಂದು ಗೊತ್ತುಮಾಡಿದ ಮಾದರಿ ಹವೆಗಿಂತ) ಬಿಸಿಯಿದ್ದರೆ ಅದು ಹಿಗ್ಗಿರುತ್ತದೆ, ಮುಳ್ಳಿನ ಸಾವಿರ ಅಡಿ ನಿಜದಲ್ಲಿ ಸಾವಿರಕ್ಕಿಂತ ಹೆಚ್ಚಿರುತ್ತದೆ. 5,500 ಅಡಿಗೆ ಪ್ರಮಾಣ ಉಷ್ಣಾಂಶ 4 ಡಿಗ್ರಿ, ನಮಗಿದ್ದದ್ದು 18. ಎರಡನ್ನೂ ಕೆಲ್ವಿನ್‌ಗೆ ತಂದು ಭಾಗಿಸಿದರೆ 1.05. ಹಾಗಾಗಿ ನಾವು ಇಳಿದದ್ದು 1,050 ಅಡಿ.

ಈಗ ಡ್ರ್ಯಾಗ್. ತೂಕವನ್ನು ಇಳಿದ ಎತ್ತರದಿಂದ ಗುಣಿಸಿ, ಸಾಗಿದ ದೂರದಿಂದ ಭಾಗಿಸಿದರೆ ಆ ವೇಗದ ಡ್ರ್ಯಾಗ್ ಪೌಂಡ್‌ಗಳಲ್ಲಿ ಸಿಗುತ್ತದೆ. ದೂರ ಎಂದರೆ ನಿಜವಾದ ವಾಯುವೇಗ ಗುಣಿಸು ಸಮಯ. 70 ನಾಟ್‌ನ ಗ್ಲೈಡ್‌ನಲ್ಲಿ ಸಾಗಿದ್ದು ಸುಮಾರು 10,800 ಅಡಿ, ಡ್ರ್ಯಾಗ್ 214 ಪೌಂಡ್. 60ರಲ್ಲಿ 220, 80ರಲ್ಲಿ 223, 90ರಲ್ಲಿ 244. 60ಕ್ಕೂ 80ಕ್ಕೂ ಹೆಚ್ಚು ಕಮ್ಮಿ ಒಂದೇ ಬಂದದ್ದನ್ನು ನೋಡಿ. ಅತ್ಯುತ್ತಮ ಗ್ಲೈಡ್ ವೇಗದ ಸುತ್ತ ರೇಖೆ ಅಷ್ಟು ಚಪ್ಪಟೆ. ‘ಅತಿ ದೂರ ಸಾಗಿದ ವೇಗ ಯಾವುದು’ ಎಂದು ಕಣ್ಣಳತೆಯಲ್ಲಿ ಆರಿಸಿ ಆ ಒಂದರಿಂದಲೇ ಎಲ್ಲವನ್ನೂ ಲೆಕ್ಕ ಹಾಕುವುದು ಈ ಕಾರಣಕ್ಕೆ ನನಗೆ ಹಿಡಿಸುವುದಿಲ್ಲ. ಮೂರು ನಾಟ್ ಆಚೀಚೆಯಾದರೂ ಎರಡೂ ಗುಣಾಂಕ ಕೆಡುತ್ತವೆ.

ಬದಲಿಗೆ ನಾಲ್ಕೂ ಅಂಕಿಗಳನ್ನು ಗ್ರಾಫ್ ಹಾಳೆಗೆ ತರಬೇಕು. ಡ್ರ್ಯಾಗ್‌ನಲ್ಲಿ ಎರಡು ಭಾಗ: ವೇಗದ ವರ್ಗದೊಂದಿಗೆ ಬೆಳೆಯುವುದು ಒಂದು, ವೇಗದ ವರ್ಗದೊಂದಿಗೆ ಕುಗ್ಗುವುದು ಇನ್ನೊಂದು. ಡ್ರ್ಯಾಗನ್ನು ವೇಗದ ವರ್ಗದಿಂದ ಗುಣಿಸಿ ನಿಲುವು ಅಕ್ಷದಲ್ಲಿಡಿ, ವೇಗದ ನಾಲ್ಕನೇ ಘಾತವನ್ನು ಅಡ್ಡ ಅಕ್ಷದಲ್ಲಿಡಿ. ಬಿಂದುಗಳು ಒಂದು ಸರಳರೇಖೆಗೆ ಬಂದು ಕೂರುತ್ತವೆ. ರೇಖೆಯ ಇಳಿಜಾರು ಮೊದಲ ಭಾಗ, ಅದು ನಿಲುವು ಅಕ್ಷವನ್ನು ಕತ್ತರಿಸುವ ಜಾಗ ಎರಡನೇ ಭಾಗ. ಕೆಟ್ಟ ಗ್ಲೈಡ್ ಯಾವುದು ಎಂಬುದೂ ಇಲ್ಲೇ ಕಾಣುತ್ತದೆ. ಅದರ ಬಿಂದು ರೇಖೆ ಬಿಟ್ಟು ಹೊರಗೆ ನಿಂತಿರುತ್ತದೆ. ಮೊದಲ ಭಾಗದಿಂದ ನಮಗೆ ಬಂದ ಪ್ಯಾರಸೈಟ್ ಡ್ರ್ಯಾಗ್ ಗುಣಾಂಕ 0.038, ಎರಡನೆಯದರಿಂದ ಬಂದ ರೆಕ್ಕೆಯ ದಕ್ಷತೆಯ ಅಂಶ 0.70.

ಪ್ರೊಪೆಲ್ಲರ್‌ಗೂ ಇದೇ ದಾರಿ, ಈ ಸಲ ಥ್ರಾಟಲ್ ಪೂರ್ತಿ ಮುಂದೆ. ಅದೇ ನಾಲ್ಕು ವೇಗಗಳಲ್ಲಿ ಏರುತ್ತ ಸಮಯ ತೆಗೆಯಿರಿ. ತೂಕ ಗುಣಿಸು ಏರಿಕೆಯ ದರ, ಭಾಗಿಸು ವಾಯುವೇಗ: ಇದು ಡ್ರ್ಯಾಗ್ ಕಳೆದು ಮಿಕ್ಕ ಥ್ರಸ್ಟ್ (ಪ್ರೊಪೆಲ್ಲರ್ ಮುಂದಕ್ಕೆ ಎಳೆಯುವ ಬಲ). ಡ್ರ್ಯಾಗ್ ಈಗಾಗಲೇ ಗೊತ್ತು, ಕೂಡಿಸಿದರೆ ಪೂರ್ತಿ ಥ್ರಸ್ಟ್. ಥ್ರಸ್ಟನ್ನು ವೇಗದ ವರ್ಗದ ಎದುರು ಗುರುತಿಸಿದರೆ ಕೆಳಕ್ಕೆ ಇಳಿಯುವ ಸರಳರೇಖೆ. ಟಾರ್ಕ್, ವ್ಯಾಸ, ಸಾಂದ್ರತೆಗಳನ್ನು ತೆಗೆದ ಮೇಲೆ ನಮಗೆ ಸಿಕ್ಕ ಎರಡು ಅಂಕಿ 1.70 ಮತ್ತು ಋಣ 0.056. ಇಲ್ಲಿ ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ಮೇಲೆ ಒಂದು ಕಣ್ಣಿರಲಿ. ಹಳೆಯ ಮೆಕ್ಯಾನಿಕಲ್ ಟ್ಯಾಕೋಮೀಟರ್ ವಯಸ್ಸಾದಂತೆ ಕಡಿಮೆ ತೋರಿಸತೊಡಗುತ್ತದೆ. ಬದಲಾಗದ ಪಿಚ್‌ನ ಪ್ರೊಪೆಲ್ಲರ್ ಹೀರುವ ಶಕ್ತಿ ಆರ್‌ಪಿಎಂನ ಘನಕ್ಕೆ ಅನುಗುಣ, ಆದ್ದರಿಂದ ನೂರಕ್ಕೆ ಎರಡರ ತಪ್ಪು ಶಕ್ತಿಯಲ್ಲಿ ನೂರಕ್ಕೆ ಆರಾಗಿ ಕೂರುತ್ತದೆ. ಆಪ್ಟಿಕಲ್ ಟ್ಯಾಕೋಮೀಟರ್ ಹಿಡಿದು ಒಮ್ಮೆ ಹೋಲಿಸಿಕೊಳ್ಳಿ.

ಇಷ್ಟಾದ ಮೇಲೆ ಏಪ್ರಿಲ್ ಮಧ್ಯಾಹ್ನಕ್ಕೆ ಬರೋಣ. ಬೆಂಗಳೂರು ಎಚ್‌ಎಎಲ್ ನಿಲ್ದಾಣದ ಮೆಟಾರ್‌ನಲ್ಲಿ (ಹವಾಮಾನ ವರದಿಯಲ್ಲಿ) ಕ್ಯೂಎನ್‌ಎಚ್, ಅಂದರೆ ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡ, 1008. ಪ್ರಮಾಣಕ್ಕಿಂತ 5 ಕಡಿಮೆ, ಒಂದೊಂದಕ್ಕೆ 30 ಅಡಿಯಂತೆ ನೆಲದ 3,000ಕ್ಕೆ 150 ಕೂಡಿಸಿದರೆ ಪ್ರೆಶರ್ ಆಲ್ಟಿಟ್ಯೂಡ್ (ಒತ್ತಡದ ಲೆಕ್ಕದ ಎತ್ತರ) 3,150. (ನಿಂತ ವಿಮಾನದ ಆಲ್ಟಿಮೀಟರ್‌ನಲ್ಲಿ 1013 ತಿರುಗಿಸಿದರೆ ಮುಳ್ಳೇ ಅದನ್ನು ಹೇಳುತ್ತದೆ. ಎರಡೂ ಹೊಂದದಿದ್ದರೆ ಹಾರುವ ಮೊದಲು ಕಾರಣ ಹುಡುಕಿ.) ಆ ಎತ್ತರದ ಪ್ರಮಾಣ ಉಷ್ಣಾಂಶ ಸುಮಾರು 9 ಡಿಗ್ರಿ, ಇರುವುದು 34. ವ್ಯತ್ಯಾಸ 25, ಡಿಗ್ರಿಗೆ 120 ಅಡಿಯಂತೆ 3,000ಕ್ಕೂ ತುಸು ಹೆಚ್ಚು. ಎರಡೂ ಸೇರಿ ಡೆನ್ಸಿಟಿ ಆಲ್ಟಿಟ್ಯೂಡ್ (ಸಾಂದ್ರತೆಯ ಲೆಕ್ಕದ ಎತ್ತರ) ಸುಮಾರು 6,200 ಅಡಿ. ವಿಮಾನದ ಪಾಲಿಗೆ ಹೊಸೂರಿನ ನೆಲವೇ 6,200 ಅಡಿಯಲ್ಲಿದೆ.

ತೂಕ: ಖಾಲಿ 1,546 ಪೌಂಡ್, 78, 71, 66 ಕೆಜಿಯ ಮೂವರು ಸೇರಿ 474, ಚೀಲಗಳು 18 ಕೆಜಿ, ಅಂದರೆ 40, ಪೆಟ್ರೋಲ್ 40 ಗ್ಯಾಲನ್, 240. ಒಟ್ಟು 2,300.

ಒಂಬತ್ತು ಸಂಖ್ಯೆಗಳನ್ನು ಹಾಕಿ ಬಿಡಿಸಿದಾಗ ಬಂದದ್ದು ಹೀಗೆ. ಗಾಳಿಯ ಸಾಂದ್ರತೆ ಸಮುದ್ರಮಟ್ಟದ 0.83. ಎಂಜಿನ್ನಿನಲ್ಲಿ ಉಳಿದದ್ದು ನೂರಕ್ಕೆ 81. ಏರಿಕೆಗೆ ಅತ್ಯುತ್ತಮ ವೇಗ 70 ನಾಟ್. ಆ ವೇಗದಲ್ಲಿ ಥ್ರಸ್ಟ್ 357 ಪೌಂಡ್, ಡ್ರ್ಯಾಗ್ 223. ಮಿಕ್ಕಿದ್ದು 134 ಪೌಂಡ್, 2,300 ಪೌಂಡಿನ ವಿಮಾನವನ್ನು ಮೇಲಕ್ಕೆ ಒಯ್ಯಲು ಇರುವುದು ಅಷ್ಟೇ. ಏರಿಕೆಯ ದರ ನಿಮಿಷಕ್ಕೆ 453 ಅಡಿ. ಇದೇ ತೂಕಕ್ಕೆ ಸಮುದ್ರಮಟ್ಟದ ಪ್ರಮಾಣ ಗಾಳಿಯಲ್ಲಿ ಮಿಗುತ್ತಿದ್ದದ್ದು 224 ಪೌಂಡ್, ಏರಿಕೆ 740 ಅಡಿ. ಡ್ರ್ಯಾಗ್ ಹೆಚ್ಚು ಕಮ್ಮಿ ಇದ್ದಷ್ಟೇ ಇರುತ್ತದೆ, ಕುಸಿಯುವುದು ಥ್ರಸ್ಟ್ ಮಾತ್ರ. ಆದ್ದರಿಂದ ಎಂಜಿನ್ ಐದರಲ್ಲಿ ಒಂದು ಪಾಲು ಕಳೆದುಕೊಂಡರೆ ಏರಿಕೆ ಐದರಲ್ಲಿ ಎರಡು ಪಾಲು ಕಳೆದುಕೊಳ್ಳುತ್ತದೆ. ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಉಳಿಯುವ ಸಣ್ಣ ಸಂಖ್ಯೆಯ ಮೇಲೆ ಏರಿಕೆ ನಿಂತಿದೆ ಎಂಬುದು ಒಮ್ಮೆ ಮನಸ್ಸಿಗೆ ಇಳಿದರೆ ಉಳಿದ ಅಂಕಿಗಳು ತಾವಾಗಿ ಅರ್ಥವಾಗುತ್ತವೆ.

ನಾಲ್ಕನೆಯವರಾಗಿ 45 ಕೆಜಿಯ ಒಬ್ಬ ಹುಡುಗಿ ಹತ್ತಿದರೆ ತೂಕ 2,400, ಏರಿಕೆ 401. ನೂರು ಪೌಂಡಿಗೆ 50 ಅಡಿ ಹೋಯಿತು. ವೇಗದ ಕಥೆ ಬೇರೆ. ಸಮುದ್ರಮಟ್ಟದ ಅಭ್ಯಾಸದಲ್ಲಿ 70ರ ಬದಲು 75 ನಾಟ್ ಹಿಡಿದರೆ ಹೋಗುವುದು ಬರೀ 13 ಅಡಿ, ಎಂಜಿನ್ ತಂಪಾಗಿರುವುದು ಲಾಭ. ವೇಗದ ಒಂದೆರಡು ನಾಟ್‌ಗೆ ತಲೆ ಕೆಡಿಸಿಕೊಂಡು ತೂಕವನ್ನು ಅಂದಾಜಿನಲ್ಲಿ ಬಿಡುವವರಿಗೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದು ತೋರಿಸಬೇಕು.

ತಿರುವಿನ ಅಂಕಿಯಂತೂ ಕಣ್ಣು ತೆರೆಸುವಂಥದ್ದು. ಅದೇ 2,300 ಪೌಂಡಿನಲ್ಲಿ ಅದೇ ವೇಗಕ್ಕೆ 20 ಡಿಗ್ರಿ ವಾಲಿಸಿದರೆ 51 ಅಡಿ ನಷ್ಟ. 30 ಡಿಗ್ರಿಗೆ 128. 45 ಡಿಗ್ರಿಗೆ 384 ಹೋಗಿ ಉಳಿಯುವುದು ಸುಮಾರು 70 ಅಡಿ. ನೆಲ ಹತ್ತಿರವಿರುವಾಗ 20 ಡಿಗ್ರಿ ದಾಟದಿರಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಲೆಕ್ಕ ಸರಿಯೇ ಎಂದು ಅದೇ ಹವೆಯಲ್ಲಿ ಏರಿ ನೋಡಿದಾಗ ಮೊದಲು ಗಡಿಯಾರ ಕೊಟ್ಟದ್ದು ನಿಮಿಷಕ್ಕೆ 370 ಅಡಿ. 453ರ ಎದುರು ಇದು ದೊಡ್ಡ ಕೊರತೆ. ಕಾರಣ ಎರಡಿದ್ದವು. ಒಂದು, ಆಗಲೇ ಹೇಳಿದ ಉಷ್ಣಾಂಶದ ತಿದ್ದುಪಡಿ. 25 ಡಿಗ್ರಿ ಹೆಚ್ಚು ಬಿಸಿಯಲ್ಲಿ ಮುಳ್ಳಿನ ನೂರು ಅಡಿ ನಿಜದಲ್ಲಿ 109, ಆದ್ದರಿಂದ 370 ಅಂದರೆ 403. ಉಳಿದ 50 ಅಡಿ ಮಿಕ್ಸ್‌ಚರ್‌ನಲ್ಲಿ, ಅಂದರೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣದಲ್ಲಿತ್ತು. ಅದರ ಕೆಂಪು ಗುಂಡಿ ಪೂರ್ತಿ ಒಳಗೆ ತಳ್ಳಿ ಹೊರಡುವುದು ಕೆಳಗಿನ ನಿಲ್ದಾಣಗಳ ಅಭ್ಯಾಸ. 3,000 ಅಡಿಗೂ ಮೇಲಿನ ನೆಲದಲ್ಲಿ ನಿಂತೇ ಪೂರ್ತಿ ಥ್ರಾಟಲ್ ಕೊಟ್ಟು, ಆರ್‌ಪಿಎಂ ಅತಿ ಹೆಚ್ಚಾಗುವವರೆಗೆ ಮಿಕ್ಸ್‌ಚರ್ ತೆಳುವಾಗಿಸಿ ಹೊರಡಬೇಕೆಂದು ಸೆಸ್ನಾ ಕೈಪಿಡಿಯೇ ಹೇಳುತ್ತದೆ. ಹೊಸೂರು ಆ ಗೆರೆಯ ಮೇಲೇ ಕೂತಿದೆ, ಬೇಸಿಗೆಯಲ್ಲಿ ಗೆರೆಯಾಚೆ ಎಂದೇ ಎಣಿಸಬೇಕು. ಗುಂಡಿಯನ್ನು ನಿಧಾನವಾಗಿ ಹೊರಗೆ ತಿರುಗಿಸುತ್ತ ಬಂದಾಗ ಎಂಜಿನ್ನಿನ ತೊದಲು ಹೋಗಿ ದನಿ ಬಿಗಿಯಾಯಿತು, ಮುಳ್ಳು 25 ಆರ್‌ಪಿಎಂ ಏರಿತು. ಅಷ್ಟೇ ಏರಿದರೂ ಘನದ ಲೆಕ್ಕದಲ್ಲಿ ಶಕ್ತಿ ನೂರಕ್ಕೆ ಮೂರರಷ್ಟು ಹೆಚ್ಚು. ಮುಂದಿನ ಏರಿಕೆಯಲ್ಲಿ ಮುಳ್ಳು ಕೊಟ್ಟದ್ದು 415, ತಿದ್ದಿದರೆ 452.

ಟೇಕಾಫ್ ದೂರಕ್ಕೆ ನಾವು ಇಷ್ಟು ದೂರ ಹೋಗುವುದಿಲ್ಲ. ಕೈಪಿಡಿಯ ಸಮುದ್ರಮಟ್ಟದ ಅಂಕಿ, 50 ಅಡಿ ಎತ್ತರ ದಾಟಲು 1,625 ಅಡಿ. ಪ್ರತಿ ಸಾವಿರ ಅಡಿಗೆ ನೂರಕ್ಕೆ 10, ಪ್ರತಿ 10 ಡಿಗ್ರಿಗೆ ನೂರಕ್ಕೆ 10 ಎಂದು ಏರಿಸಿದರೆ ಸುಮಾರು 2,600. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಸಣ್ಣ ವಿಮಾನಗಳಿಗೆ ಸೂಚಿಸುವ 1.33ರ ಸುರಕ್ಷತಾ ಗುಣಕ ಸೇರಿಸಿದರೆ 3,450.  ಹೊಸೂರಿನ ರನ್‌ವೇಗೆ ಇದು ಅರ್ಧ. ಹಿಂಗಾಳಿಯಲ್ಲಿ ಮಾತ್ರ ಯಾವ ಕಾರಣಕ್ಕೂ ಹೊರಡಬೇಡಿ; ನೆಲ ಬಿಡುವ ವೇಗದ ಹತ್ತನೇ ಒಂದರಷ್ಟು ಹಿಂಗಾಳಿ ಇದ್ದರೂ ದೂರ ನೂರಕ್ಕೆ 20 ಬೆಳೆಯುತ್ತದೆ.

ಲೆಕ್ಕ ನಿಜವಾಗಿ ಕೆಲಸಕ್ಕೆ ಬಂದದ್ದು ಸೇಲಂ ದಾರಿಯಲ್ಲಿ. ಹೊಸೂರಿನಿಂದ ಸುಮಾರು 60 ನಾಟಿಕಲ್ ಮೈಲಿ, ಧರ್ಮಪುರಿ, ತೊಪ್ಪೂರು ಘಾಟಿಯ ಮೇಲಿಂದ. ಹೋಗುವಾಗ ನೆಲವೇ ಕೆಳಗಿಳಿಯುತ್ತ ಹೋಗುವುದರಿಂದ ಯೋಚನೆಯಿಲ್ಲ. ವಾಪಸ್ ಬರುವಾಗ ನೆಲ ನಮ್ಮ ಜೊತೆ ಏರುತ್ತದೆ. ಸೇಲಂ ನಿಲ್ದಾಣ ಸುಮಾರು 1,000 ಅಡಿಯಲ್ಲಿದೆ, ಮಧ್ಯಾಹ್ನ 38 ಡಿಗ್ರಿ ಇದ್ದರೆ ಡೆನ್ಸಿಟಿ ಆಲ್ಟಿಟ್ಯೂಡ್ 4,200. ಅಲ್ಲಿ ಏರಿಕೆ 550ರ ಹತ್ತಿರ, 5,500 ಅಡಿ ಮುಟ್ಟುವಾಗ 350ಕ್ಕೆ ಇಳಿದಿರುತ್ತದೆ. ಸರಾಸರಿ 450 ಹಿಡಿದರೆ 4,500 ಅಡಿ ಏರಲು 10 ನಿಮಿಷ, ಅಷ್ಟರಲ್ಲಿ ಗಾಳಿಯಿಲ್ಲದಿದ್ದರೆ 13 ನಾಟಿಕಲ್ ಮೈಲಿ ಸಾಗಿರುತ್ತೇವೆ. ಏರ್ಕಾಡು ಕೂತಿರುವ ಶೆವರಾಯ್ ಬೆಟ್ಟಗಳು ನಿಲ್ದಾಣದ ಪೂರ್ವಕ್ಕೆ ಹತ್ತು ನಾಟಿಕಲ್ ಮೈಲಿಯೊಳಗೇ 5,000 ಅಡಿ ದಾಟುತ್ತವೆ. ಅಂದರೆ ಬೆಟ್ಟದ ಕಡೆ ಮೂತಿ ಮಾಡಿ ಏರುತ್ತ ಹೋದರೆ ಬೆಟ್ಟ ಮೊದಲು ಬರುತ್ತದೆ, ಎತ್ತರ ಆಮೇಲೆ. ಮೇಲಿನಿಂದ ಇಳಿಗಾಳಿ ಇದ್ದರೆ 350ರಲ್ಲಿ ಏನೂ ಉಳಿಯುವುದಿಲ್ಲ. ನಿಲ್ದಾಣದ ಪಶ್ಚಿಮಕ್ಕೆ, ಬಯಲ ಮೇಲೆ, 15–20 ಡಿಗ್ರಿಯ ಅಗಲ ಸುತ್ತುಗಳಲ್ಲಿ 4,000 ಅಡಿವರೆಗೆ ಏರಿಕೊಂಡು ಆಮೇಲೆ ಉತ್ತರಕ್ಕೆ ಹೊರಡುವುದು ನಾವು ಇಟ್ಟುಕೊಂಡ ಕ್ರಮ. ಇನ್ನೂ ಒಳ್ಳೆಯದೆಂದರೆ ಬೆಳಿಗ್ಗೆ ಎಂಟರೊಳಗೆ ಹೊರಟುಬಿಡುವುದು. 24 ಡಿಗ್ರಿಯಲ್ಲಿ ಅದೇ ವಿಮಾನ ಅದೇ ತೂಕಕ್ಕೆ ನಿಮಿಷಕ್ಕೆ 75 ಅಡಿಯಷ್ಟು ಹೆಚ್ಚು ಏರುತ್ತದೆ.

ಹಾರುವಾಗ ಒಂಬತ್ತು ಸಂಖ್ಯೆಗಳನ್ನು ಬಿಡಿಸುತ್ತ ಕೂರಲು ಆಗುವುದಿಲ್ಲ. ಅದಕ್ಕೆ 2,000, 2,200, 2,300, 2,400 ಪೌಂಡ್‌ಗಳಿಗೆ, ಸಮುದ್ರಮಟ್ಟದಿಂದ 10,000 ಅಡಿಯ ಡೆನ್ಸಿಟಿ ಆಲ್ಟಿಟ್ಯೂಡ್‌ವರೆಗೆ ಏರಿಕೆಯ ದರ ಬರೆದ ಒಂದು ಕಾರ್ಡು ಚೆಕ್‌ಲಿಸ್ಟ್ ಹಿಂದೆ ಇದೆ. ಕೈಪಿಡಿಯ ಅಂಕಿ ನಮ್ಮದಕ್ಕಿಂತ ಕಡಿಮೆ ಹೇಳಿದಲ್ಲಿ ಕೈಪಿಡಿಯದ್ದನ್ನೇ ಹಿಡಿಯುತ್ತೇವೆ. ಪ್ರೊಪೆಲ್ಲರ್‌ಗೆ ಅರ ಬಿದ್ದಾಗ, ಎಂಜಿನ್ ಓವರ್‌ಹಾಲ್ ಆದಾಗ, ಚಕ್ರದ ಫೇರಿಂಗ್ (ಗಾಳಿ ಜಾರಿಸುವ ಹೊದಿಕೆ) ಬಿಚ್ಚಿಟ್ಟಾಗ ಆ ಕಾರ್ಡಿನ ಮೇಲೆ ಅಡ್ಡಗೆರೆ ಎಳೆದು, ಮತ್ತೆ ಒಂದು ತಂಪು ಮುಂಜಾನೆ ಗಡಿಯಾರ ಹಿಡಿದು ಶೂಲಗಿರಿ ಕಡೆ ಹೋಗಬೇಕು.